ಕಂಚುಕಿಗೆ ಅಡ್ಡಿ ಏನಿತ್ತು? ಲಿಂಗತ್ವ ಅಲ್ಪಸಂಖ್ಯಾತ ವಿಶ್ವಾಸಿಗಳು ಮತ್ತು ಸತ್ಯವೇದ (ಬೈಬಲ್)

ನಮ್ಮ ಸಭೆಯಲ್ಲಿ ಗಂಡಸರು ಎಡಗಡೆ, ಹೆಂಗಸರು ಬಲಗಡೆ ಕೂರುತ್ತಾರೆ. ನಡುವೆ ಉದ್ದಕ್ಕೆ ಒಂದು ಕೆಂಪು ಜಮಖಾನ. ಇದು ಯಾರೂ ಬರೆದು ಅಂಟಿಸಿದ ನಿಯಮವಲ್ಲ. ಬಂಗಾರಪೇಟೆಯಿಂದ ಕೆಜಿಎಫ್‌ವರೆಗೆ ಅನೇಕ ಪ್ರಾರ್ಥನಾ ಮಂದಿರಗಳಲ್ಲಿ ಹೀಗೆಯೇ ನಡೆದುಬಂದಿದೆ, ಮಕ್ಕಳೂ ಹೇಳಿಕೊಡದೆ ಕಲಿತುಬಿಡುತ್ತಾರೆ. ಗುಡ್ ಫ್ರೈಡೆಗೆ ಮುಂಚಿನ ಒಂದು ಭಾನುವಾರ ಆಂಡರ್ಸನ್‌ಪೇಟೆ ಕಡೆಯ ಒಬ್ಬ ಅಕ್ಕ ಬಂದರು. ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಚಪ್ಪಲಿ ಬಿಡುವ ಜಾಗದ ಪಕ್ಕ, ಡೋಲಕ್ ಬಾರಿಸುವ ಹುಡುಗನಿಗೆಂದು ಇಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಕೂತರು. ತಲೆಯ ಮೇಲೆ ಸೆರಗು ನಮ್ಮೆಲ್ಲರಿಗಿಂತ ಅಚ್ಚುಕಟ್ಟಾಗಿತ್ತು.

ಮೂರನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಅವರೇ ಮಾತನಾಡಿಸಿದರು. ಮನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ನಮ್ಮೊಂದಿಗೆ ಕನ್ನಡ, ಚಿನ್ನದ ಗಣಿಯ ಊರಿನವರೆಲ್ಲರ ಹಾಗೆ. ತಮಿಳಿನಲ್ಲಿ ತಾವು ತಿರುನಂಗೈ, ಕನ್ನಡದಲ್ಲಿ ಮಂಗಳಮುಖಿ ಎಂದರು. ಆಮೇಲೆ ಕೇಳಿದರು: “ಟೀಚರ್, ನಾನು ಸತ್ತರೆ ಪಾಸ್ಟರ್ ಯಾವ ಹೆಸರು ಹೇಳಿ ಮಣ್ಣು ಹಾಕುತ್ತಾರೆ?”

ಇಪ್ಪತ್ತು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿರುವವಳು ನಾನು. ನೋಹನ ನಾವೆ ಎಷ್ಟು ಮೊಳ ಉದ್ದ, ಎಷ್ಟು ಮೊಳ ಅಗಲ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಇದಕ್ಕೆ ಬಾಯಿ ಬರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳಬೇಕು. ಹುಟ್ಟಿದಾಗ ಮೈ ನೋಡಿ ಗಂಡು ಎಂದೋ ಹೆಣ್ಣು ಎಂದೋ ಬರೆಸಿರುತ್ತಾರೆ. ಬೆಳೆಯುತ್ತ ಆ ಬರಹಕ್ಕೂ ತಾನು ಯಾರೆಂಬ ಒಳಗಿನ ಅರಿವಿಗೂ ಹೊಂದಿಕೆಯಾಗದವರು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು. ಅಂತರಲಿಂಗಿಗಳ ವಿಷಯ ಬೇರೆ. ಅಲ್ಲಿ ದೇಹವೇ ಗಂಡು ಅಥವಾ ಹೆಣ್ಣು ಎಂಬ ಪಡಿಯಚ್ಚಿಗೆ ಪೂರ್ತಿ ಕೂರುವುದಿಲ್ಲ. ವ್ಯತ್ಯಾಸ ವರ್ಣತಂತುಗಳಲ್ಲಿರಬಹುದು, ಹಾರ್ಮೋನಿನಲ್ಲಿರಬಹುದು, ಜನನಾಂಗದಲ್ಲಿರಬಹುದು. ಹೊರಗಿನಿಂದ ಪೂರ್ತಿ ಹೆಣ್ಣಾಗಿ ಬೆಳೆದ ಹುಡುಗಿ ಹದಿನಾರಾದರೂ ಋತುಮತಿಯಾಗಲಿಲ್ಲವೆಂದು ಪರೀಕ್ಷೆ ಮಾಡಿಸಿದರೆ ವರ್ಣತಂತು ಎಕ್ಸ್‌ವೈ ಎಂದು ತಿಳಿಯುವುದುಂಟು. ದೇಹ ಗಂಡು ಹಾರ್ಮೋನಿಗೆ ಕಿವಿಗೊಡದಿದ್ದರೆ ಹೀಗಾಗುತ್ತದೆ.

ಅಂತರಲಿಂಗಿಗಳು ಎಷ್ಟು ಮಂದಿ? ಲೆಕ್ಕಗಳು ಜಗಳವಾಡುತ್ತವೆ. 2000ದಲ್ಲಿ ಬಂದ ಒಂದು ಲೆಕ್ಕ ನೂರಕ್ಕೆ 1.7 ಎಂದಿತು, 2002ರಲ್ಲಿ ಬಂದ ಇನ್ನೊಂದು ನೂರಕ್ಕೆ 0.018 ಎಂದಿತು. ತಲೆ ಎಣಿಸುವುದರಲ್ಲಿ ಯಾರೂ ತಪ್ಪಿಲ್ಲ. ಯಾರನ್ನು ಸೇರಿಸಬೇಕು ಎಂಬುದರಲ್ಲೇ ಜಗಳ. ಹಾರ್ಮೋನಿನ ಸಣ್ಣ ಏರುಪೇರನ್ನೂ ಎಣಿಸಿದರೆ ಮೊದಲನೆಯ ಸಂಖ್ಯೆ, ಗಂಡೋ ಹೆಣ್ಣೋ ಎಂದು ವೈದ್ಯರೇ ತಬ್ಬಿಬ್ಬಾಗುವ ಮೈಗಳನ್ನೂ ವರ್ಣತಂತು ಒಂದು, ಮೈ ಇನ್ನೊಂದು ಆದವರನ್ನೂ ಮಾತ್ರ ಎಣಿಸಿದರೆ ಎರಡನೆಯದು. ಗಡಿ ಎಲ್ಲಿ ಎಳೆಯಬೇಕೆಂಬ ಈ ಪೇಚಾಟ ದೇವತಾಶಾಸ್ತ್ರದಲ್ಲೂ ಮರುಕಳಿಸುತ್ತದೆ.

ವಾದ ಶುರುವಾಗುವುದು ಆದಿಕಾಂಡ 1:27ರಿಂದ. ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿದನು, ಗಂಡು ಹೆಣ್ಣಾಗಿ ಉಂಟುಮಾಡಿದನು. ಇದೇ ಸೃಷ್ಟಿಯ ಕ್ರಮ, ಎರಡೇ ಎರಡು, ಮಿಕ್ಕದ್ದೆಲ್ಲ ಆದಾಮನ ಪಾಪದಿಂದ ಸೃಷ್ಟಿಗೆ ತಗುಲಿದ ಪೆಟ್ಟು ಎನ್ನುವುದು ಬಹುಪಾಲು ಸಭೆಗಳು ಹಿಡಿದುಬಂದ ಓದು. ಅದಕ್ಕೆ ತನ್ನದೇ ತೂಕವಿದೆ. ಯೇಸು ಕೂಡ ವಿವಾಹದ ಬಗ್ಗೆ ಮಾತನಾಡುವಾಗ ಇದೇ ವಚನವನ್ನು ಎತ್ತುತ್ತಾನೆ.

ಇನ್ನೊಂದು ಓದನ್ನು ಹಿಡಿಯುವುದು ಕನ್ನಡ ಬಲ್ಲವರಿಗೆ ಸುಲಭ. “ಆಬಾಲವೃದ್ಧರೂ ಜಾತ್ರೆಗೆ ಬಂದರು” ಎಂದು ಪತ್ರಿಕೆ ಬರೆದರೆ ನಲವತ್ತು ವರ್ಷದವರು ಮನೆಯಲ್ಲೇ ಉಳಿದರು ಎಂದು ಯಾರೂ ಓದುವುದಿಲ್ಲ. ಎರಡು ತುದಿ ಹೇಳಿ ನಡುವಿನದೆಲ್ಲವನ್ನೂ ಒಳಗೆ ತರುವ ಮಾತಿನ ರೀತಿ ಅದು. ಹೀಬ್ರೂ ಭಾಷೆಯಲ್ಲೂ ಅದು ಧಾರಾಳ. ಆದಿಕಾಂಡದ ಅದೇ ಅಧ್ಯಾಯ ಬೆಳಕನ್ನು ಹಗಲೆಂದೂ ಕತ್ತಲನ್ನು ಇರುಳೆಂದೂ ಕರೆಯುತ್ತದೆ. ಹಾಗೆಂದು ಮುಸ್ಸಂಜೆ ದೇವರ ಕೈತಪ್ಪಿ ಬಂದದ್ದಲ್ಲ. ನೆಲ, ನೀರು ಎಂದು ಬೇರ್ಪಡಿಸುತ್ತದೆ; ಕಪ್ಪೆ ಎರಡರಲ್ಲೂ ಇರುತ್ತದೆ. ಗಂಡು ಹೆಣ್ಣು ಎಂಬುದನ್ನೂ ಹಾಗೆ ಓದಬಹುದು ಎನ್ನುತ್ತಾರೆ ಈ ಕಡೆಯ ವಿದ್ವಾಂಸರು. ನನಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ, ಮುಂದಿನ ವಚನವೇ ಮಕ್ಕಳನ್ನು ಹೆತ್ತು ಭೂಮಿಯನ್ನು ತುಂಬಿಕೊಳ್ಳಿ ಎನ್ನುತ್ತದೆ. ಆದರೆ ಆ ವಚನದಿಂದ “ಮಿಕ್ಕವರು ದೇವರ ಸ್ವರೂಪದವರಲ್ಲ” ಎಂದು ಹಿಂಡಿ ತೆಗೆಯುವುದಂತೂ ಆಗದು.

ಹಾಗೂ ತೆಗೆದವರಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಸ್ಯಾಲಿ ಗ್ರಾಸ್ ಎಂಬುವರಿದ್ದರು. ಯೆಹೂದಿ ಮನೆಯಲ್ಲಿ ಹುಟ್ಟಿ, ವರ್ಣಭೇದದ ವಿರುದ್ಧ ಹೋರಾಡಿ, ಕ್ಯಾಥೊಲಿಕ್ ಆಗಿ, ಡೊಮಿನಿಕನ್ ಸಂಸ್ಥೆಯಲ್ಲಿ ಪಾದ್ರಿಯಾಗಿದ್ದವರು. ನಡುವಯಸ್ಸಿನಲ್ಲಿ ತಾವು ಅಂತರಲಿಂಗಿ ಎಂಬುದು ಖಚಿತವಾಯಿತು, ಪಾದ್ರಿತನ ಕೈಬಿಟ್ಟಿತು. ಆಮೇಲೆ ಕೆಲವು ಮೂಲಭೂತವಾದಿ ಕ್ರೈಸ್ತರು ಅವರಿಗೆ ಇದೇ ವಚನವನ್ನು ತೋರಿಸಿ, ನೀವು ಗಂಡೂ ಅಲ್ಲ ಹೆಣ್ಣೂ ಅಲ್ಲ, ಆದ್ದರಿಂದ ಸತ್ಯವೇದದ ಪ್ರಕಾರ ಮನುಷ್ಯರೇ ಅಲ್ಲ, ನಿಮ್ಮ ದೀಕ್ಷಾಸ್ನಾನವೂ (ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ನೀರಿನ ವಿಧಿ) ಸಿಂಧುವಲ್ಲ ಎಂದರಂತೆ. ನಾಯಿಗೆ ದೀಕ್ಷಾಸ್ನಾನ ಕೊಟ್ಟರೆ ಹೇಗೋ ಹಾಗೆ. 2014ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ದೇಶದ ಅಂತರಲಿಂಗಿಗಳಿಗಾಗಿ ದುಡಿದರು.

ಐದನೆಯ ಶತಮಾನದ ಕ್ರೈಸ್ತ ಪಂಡಿತ ಆಗಸ್ಟೀನನೇ ಇವರಿಗಿಂತ ವಾಸಿ. ಎರಡೂ ಲಿಂಗದ ಲಕ್ಷಣ ಬೆರೆತ ಜನರು ಅಪರೂಪ, ಆದರೂ ಇಂಥವರಿಲ್ಲದ ಕಾಲ ಸಿಗುವುದು ಕಷ್ಟ ಎಂದು ತನ್ನ ದೊಡ್ಡ ಗ್ರಂಥದಲ್ಲಿ ಬರೆದ. ಮನುಷ್ಯಕುಲದಿಂದ ಅವರನ್ನು ಹೊರಗೆ ಹಾಕಲಿಲ್ಲ. ಉತ್ತಮ ಲಿಂಗದ ಹೆಸರಿನಿಂದ, ಅಂದರೆ ಗಂಡೆಂದು, ಅವರನ್ನು ಕರೆಯುವುದು ರೂಢಿ ಎಂದೂ ಸೇರಿಸಿದ. ಅದು ಅವನ ಕಾಲದ ಗುಣ, ಅವನದೂ ಹೌದು.

ಮಗುವಿನ ಮೈ ನೋಡಿ ಸೂಲಗಿತ್ತಿಯೋ ನರ್ಸೋ ಮಾತು ನಿಲ್ಲಿಸಿದಾಗ ತಾಯಿ ತಂದೆಯ ಬಾಯಿಗೆ ಬರುವುದು ಸಿದ್ಧಾಂತವಲ್ಲ. “ಯಾವ ಪಾಪಕ್ಕೆ ಹೀಗಾಯಿತು?” ಕ್ರೈಸ್ತರ ಮನೆಯಾದರೂ ಅದೇ ಮಾತು. ಯೋಹಾನ 9ರಲ್ಲಿ ಶಿಷ್ಯರು ಹುಟ್ಟುಕುರುಡನನ್ನು ತೋರಿಸಿ ಅದನ್ನೇ ಕೇಳುತ್ತಾರೆ: ಪಾಪ ಮಾಡಿದವನು ಇವನೋ, ಹೆತ್ತವರೋ? ಇವನೂ ಅಲ್ಲ, ಹೆತ್ತವರೂ ಅಲ್ಲ ಎನ್ನುತ್ತಾನೆ ಯೇಸು. ಇದನ್ನು ಭಾನುವಾರದ ಪ್ರಸಂಗದಲ್ಲಿ ನೂರು ಸಲ ಕೇಳಿದ್ದೇವೆ, ಹೆರಿಗೆ ವಾರ್ಡಿಗೆ ಒಯ್ದಿಲ್ಲ. ಒಂದು ತೊಡಕೂ ಇದೆ. ಆ ಕಥೆಯಲ್ಲಿ ಕುರುಡ ಗುಣವಾಗುತ್ತಾನೆ. ತಮ್ಮ ದೇಹ ಗುಣವಾಗಬೇಕಾದ ಕಾಯಿಲೆಯೇ ಅಲ್ಲ ಎನ್ನುವ ಅಂತರಲಿಂಗಿಗಳಿಗೆ ಅದು ಅರ್ಧ ಮಾತ್ರ ಹೊಂದುತ್ತದೆ. ಅದಕ್ಕೇ ಕೆಲವರು ಯೋಹಾನ 20ನ್ನು ಹತ್ತಿರ ತೆಗೆದುಕೊಳ್ಳುತ್ತಾರೆ. ಎದ್ದುಬಂದ ಕ್ರಿಸ್ತನ ಕೈಯಲ್ಲಿ ಮೊಳೆಯ ಗುರುತು ಹಾಗೆಯೇ ಇತ್ತು. ಪರಿಪೂರ್ಣ ದೇಹವೆಂದರೆ ಅಚ್ಚಿನಲ್ಲಿ ಎರೆದ ದೇಹವಾಗಬೇಕಿಲ್ಲ ಎಂಬುದಕ್ಕೆ ಅವರಿಗೆ ಅಷ್ಟು ಸಾಕು.

ಈಗ ಸತ್ಯವೇದದಲ್ಲಿ ಈ ಜನರಿಗೆ ಅತಿ ಹತ್ತಿರ ಬರುವವರ ವಿಷಯ. ನಮ್ಮ ಹಳೆಯ ಕನ್ನಡ ಅನುವಾದದಲ್ಲಿ ಮತ್ತಾಯ 19ಕ್ಕೆ ಬಂದರೆ “ನಪುಂಸಕ”, ಅಪೊಸ್ತಲರ ಕೃತ್ಯಗಳು 8ಕ್ಕೆ ಬಂದರೆ “ಕಂಚುಕಿ”. ಎರಡು ಬೇರೆ ಜನ ಎಂದುಕೊಂಡೇ ನಾನು ಬೆಳೆದೆ. ಒಂದು ಬೈಗುಳ, ಇನ್ನೊಂದು ಸಂಸ್ಕೃತ ನಾಟಕದ ಅಂತಃಪುರದಲ್ಲಿ ಕೋಲೂರಿಕೊಂಡು ಬರುವ ಮರ್ಯಾದಸ್ಥ ಮುದುಕ. ಗ್ರೀಕಿನಲ್ಲಿ ಎರಡು ಕಡೆಯೂ ಒಂದೇ ಪದ, ಯುನೂಖೊಸ್. ಮೂಲಾರ್ಥ ಹಾಸಿಗೆ ಕಾಯುವವನು. ರಾಣಿವಾಸ ಕಾಯಲು ಬೀಜ ಒಡೆದ ಗಂಡಸರನ್ನು ಇಡುತ್ತಿದ್ದುದರಿಂದ ಆ ಅರ್ಥ ಅಂಟಿಕೊಂಡಿತು. ಅಧಿಕಾರಿ ಬಂದಾಗ ಒಂದು ಪದ, ಅಧಿಕಾರವಿಲ್ಲದವನು ಬಂದಾಗ ಇನ್ನೊಂದು ಪದ ಹುಡುಕಿದ ಅನುವಾದಕರನ್ನು ದೂರುತ್ತಿಲ್ಲ, ನಾವೂ ದಿನಾ ಮಾಡುವುದು ಅದನ್ನೇ.

ಇವರ ಕಥೆಯನ್ನು ಸತ್ಯವೇದದ ಉದ್ದಕ್ಕೂ ಹಿಂಬಾಲಿಸಬೇಕು, ಏಕೆಂದರೆ ಅದು ಒಂದೇ ಕಡೆ ನಿಂತಿಲ್ಲ. ಧರ್ಮೋಪದೇಶಕಾಂಡ 23:1 ಖಡಾಖಂಡಿತ: ಬೀಜ ಒಡೆದವನು, ಜನನಾಂಗ ಕತ್ತರಿಸಿದವನು ಯೆಹೋವನ ಸಭೆಯಲ್ಲಿ ಸೇರಕೂಡದು. ಯೆರೆಮೀಯನ ಕಾಲಕ್ಕೆ ಬಂದರೆ, ಪ್ರವಾದಿಯನ್ನು ಕೆಸರುಬಾವಿಗೆ ಇಳಿಬಿಟ್ಟು ಜನರು ಸುಮ್ಮನಿದ್ದಾಗ ರಾಜನ ಬಳಿ ಹೋಗಿ ಜಗಳವಾಡುವವನು ಎಬೆದ್ಮೆಲೆಕ ಎಂಬ ಕೂಷ್ ದೇಶದ ಕಂಚುಕಿ. ಹಗ್ಗ ಕಂಕುಳನ್ನು ಕೊಯ್ಯದಿರಲಿ ಎಂದು ಹಳೇ ಬಟ್ಟೆ ಚಿಂದಿಗಳನ್ನೂ ಬಾವಿಗೆ ಇಳಿಸುತ್ತಾನೆ. ಸತ್ಯವೇದದಲ್ಲಿ ಇಷ್ಟು ಹತ್ತಿರದಿಂದ ತೋರಿಸಿದ ಕರುಣೆ ಕಡಿಮೆ. ಆಮೇಲೆ ಯೆಶಾಯ 56. ನಪುಂಸಕನು ತಾನು ಒಣಮರ ಎಂದುಕೊಳ್ಳದಿರಲಿ. ನನ್ನ ಒಡಂಬಡಿಕೆಯನ್ನು ಹಿಡಿದವನಿಗೆ ನನ್ನ ಆಲಯದೊಳಗೆ ಗಂಡುಮಕ್ಕಳಿಗಿಂತಲೂ ಹೆಣ್ಣುಮಕ್ಕಳಿಗಿಂತಲೂ ಮೇಲಾದ ಹೆಸರನ್ನು, ಅಳಿಯದ ಹೆಸರನ್ನು ಕೊಡುತ್ತೇನೆ ಎನ್ನುತ್ತಾನೆ ದೇವರು. ಮಗನಾಗು ಎನ್ನಲಿಲ್ಲ, ಮಗಳಾಗು ಎನ್ನಲಿಲ್ಲ. ಸಂತಾನದಿಂದಲೇ ಹೆಸರು ಉಳಿಯುತ್ತಿದ್ದ ಸಮಾಜದಲ್ಲಿ ಈ ಮಾತಿನ ಬೆಲೆ ಏನೆಂದು ನಮ್ಮ ಹಳ್ಳಿಗಳಿಗೆ ವಿವರಿಸಬೇಕಾಗಿಲ್ಲ.

ಮತ್ತಾಯ 19ರಲ್ಲಿ ಯೇಸು ನಪುಂಸಕರಲ್ಲಿ ಮೂರು ಬಗೆ ಹೇಳುತ್ತಾನೆ: ತಾಯಿಯ ಗರ್ಭದಿಂದಲೇ ಹಾಗೆ ಹುಟ್ಟಿದವರು, ಮನುಷ್ಯರು ಹಾಗೆ ಮಾಡಿದವರು, ಪರಲೋಕರಾಜ್ಯಕ್ಕಾಗಿ ತಾವೇ ಹಾಗಾದವರು. ಮೊದಲನೆಯ ಬಗೆಗೆ ಯೆಹೂದಿ ಧರ್ಮಶಾಸ್ತ್ರಿಗಳಲ್ಲಿ “ಸೂರ್ಯನ ನಪುಂಸಕ” ಎಂಬ ಹೆಸರೇ ಇತ್ತು, ಸೂರ್ಯನನ್ನು ಕಂಡ ಗಳಿಗೆಯಿಂದಲೇ ಹಾಗಿರುವವನು ಎಂದು. ಆದ್ದರಿಂದ ಯೇಸುವಿನ ಕೇಳುಗರಿಗೆ ಅದು ಒಗಟಾಗಿರಲಿಲ್ಲ. ಗಂಡು ಹೆಣ್ಣಾಗಿ ಸೃಷ್ಟಿಸಿದನು ಎಂದು ಅವನು ಹೇಳಿದ್ದು ಇದೇ ಅಧ್ಯಾಯದ 4ನೇ ವಚನದಲ್ಲಿ, ಇದು 12ರಲ್ಲಿ. ಎಂಟು ವಚನದ ಅಂತರದಲ್ಲಿ ಎರಡನ್ನೂ ಒಂದೇ ಬಾಯಿ ಹೇಳಿತು. ಎರಡರಲ್ಲಿ ಒಂದನ್ನಷ್ಟೇ ಓದುವ ಹಕ್ಕು ಯಾವ ಪಂಗಡಕ್ಕೂ ಇಲ್ಲ.

ಮೂರನೆಯ ಬಗೆಯನ್ನು ಮೈಗೆ ಅನ್ವಯಿಸಿಕೊಂಡವರೂ ಇದ್ದರು. ಒರಿಗೆನ್ ಎಂಬ ಮಹಾಪಂಡಿತ ಯೌವನದಲ್ಲಿ ಹಾಗೆ ಮಾಡಿಕೊಂಡನೆಂದು ಸಭೆಯ ಚರಿತ್ರೆ ಬರೆದ ಯೂಸೀಬಿಯಸ್ ಹೇಳಿದ್ದಾನೆ. 325ರಲ್ಲಿ ಬಿಷಪ್ಪರು ಸೇರಿದ್ದ ನೈಸೀಯ ಮಹಾಸಭೆಯ ಮೊಟ್ಟಮೊದಲ ಕಟ್ಟಳೆಯೇ ಈ ವಿಷಯದ್ದು. ಕಾಯಿಲೆಗಾಗಿ ವೈದ್ಯರು ಕತ್ತರಿಸಿದ್ದರೆ, ಶತ್ರುಗಳು ಕತ್ತರಿಸಿದ್ದರೆ ಅಂಥವರು ಪಾದ್ರಿಯಾಗಿ ಮುಂದುವರಿಯಬಹುದು. ಆರೋಗ್ಯವಾಗಿದ್ದು ತಾನೇ ಮಾಡಿಕೊಂಡಿದ್ದರೆ ಆಗದು. ಧರ್ಮೋಪದೇಶಕಾಂಡದ ಮೋಶೆಯ ನಿಯಮಕ್ಕಿಂತ ಇದು ಬಹುದೂರ ಬಂದಿದೆ. ನಿರ್ವಾಣ, ಅಂದರೆ ಜನನಾಂಗ ತೆಗೆಸುವ ವಿಧಿ, ಮಾಡಿಸಿಕೊಂಡ ಮಂಗಳಮುಖಿಯರ ಎದುರು ಹಿಡಿಯುವವರಿಗೆ ಇದರ ಕೊನೆಯ ತುಂಡೊಂದೇ ನೆನಪಿರುತ್ತದೆ. ಆ ಕಟ್ಟಳೆ ಪಾದ್ರಿಯ ಪಟ್ಟದ ಬಗ್ಗೆ, ಸಭೆಯಲ್ಲಿ ಕೂರುವುದರ ಬಗ್ಗೆ ಅಲ್ಲ.

ಇಲ್ಲೊಂದು ಎಚ್ಚರಿಕೆ. ಆ ಕಾಲದ ಕಂಚುಕಿ ಈ ಕಾಲದ ಟ್ರಾನ್ಸ್‌ಜೆಂಡರ್ ವ್ಯಕ್ತಿ ಎಂದು ಸಮೀಕರಣ ಬರೆಯುವುದು ತಪ್ಪು. ಹೆಚ್ಚಿನ ಕಂಚುಕಿಗಳು ಬಾಲ್ಯದಲ್ಲೇ ಬಲವಂತಕ್ಕೆ ಸಿಕ್ಕ ಗುಲಾಮರು, ಒಳಗಿನ ಅರಿವಿನ ಪ್ರಶ್ನೆ ಅವರನ್ನು ಯಾರೂ ಕೇಳಲಿಲ್ಲ. ಅಂತರಲಿಂಗಿಗಳಿಗೂ ಒಂದು ದೂರಿದೆ: ಎರಡು ಕಡೆಯವರೂ ತಮ್ಮ ವಾದ ಗೆಲ್ಲಲು ನಮ್ಮ ಮೈಯನ್ನು ಪುರಾವೆಯಾಗಿ ಎಳೆದು ತರುತ್ತಾರೆ, ವಾದ ಮುಗಿದ ಮೇಲೆ ಮರೆತುಬಿಡುತ್ತಾರೆ. ಆ ದೂರು ನ್ಯಾಯವಾದದ್ದು.

ಅವರ ಮೈಯ ಎದುರು ಅತಿ ಹೆಚ್ಚು ತಡವರಿಸುವ ವಾದ ನಮ್ಮಲ್ಲಿ ಅತಿ ಜನಪ್ರಿಯವಾದದ್ದೇ: ದೇವರು ಕೊಟ್ಟ ದೇಹ ವರದಾನ, ಅದನ್ನು ತಿದ್ದಬೇಡ. 2024ರ ಏಪ್ರಿಲ್‌ನಲ್ಲಿ ವ್ಯಾಟಿಕನ್ ಹೊರಡಿಸಿದ ಮಾನವ ಘನತೆಯ ಬಗೆಗಿನ ಘೋಷಣೆ ಈ ನೆಲೆಯಲ್ಲೇ ನಿಂತು, ಲಿಂಗ ಬದಲಾವಣೆಯ ಚಿಕಿತ್ಸೆ ಆ ಘನತೆಗೆ ಕುತ್ತು ತರಬಹುದು ಎನ್ನುತ್ತದೆ. ಆದರೆ ಅಲ್ಲೇ ಒಂದು ವಿನಾಯಿತಿ: ಹುಟ್ಟಿನಿಂದ ಕಾಣುವ ಅಥವಾ ಆಮೇಲೆ ತೋರುವ ಜನನಾಂಗದ ವೈಪರೀತ್ಯವನ್ನು ವೈದ್ಯರ ನೆರವಿನಿಂದ ಸರಿಪಡಿಸಿಕೊಳ್ಳಬಹುದು, ಅದು ಲಿಂಗ ಬದಲಾವಣೆಯಲ್ಲ. ನಿಧಾನವಾಗಿ ಓದಿ. ಪ್ರಾಯಕ್ಕೆ ಬಂದವರು ಯೋಚಿಸಿ ಕೇಳಿಕೊಂಡರೆ ದೇಹ ಮುಟ್ಟಬಾರದ ವರದಾನ. ಇನ್ನೂ ಮಾತು ಬಾರದ ಕೂಸಿನ ದೇಹ ಎರಡರಲ್ಲೊಂದಾಗಿ ಕಾಣದಿದ್ದರೆ ಅದೇ ವರದಾನ ತಿದ್ದಬೇಕಾದ ತಪ್ಪು. ದೇಹದಿಂದ ಸಿದ್ಧಾಂತ ಕಲಿಯುತ್ತೇವೆ ಎಂದು ಹೊರಟವರು ಕೊನೆಗೆ ಸಿದ್ಧಾಂತಕ್ಕೆ ತಕ್ಕಂತೆ ದೇಹವನ್ನು ಕತ್ತರಿಸಲು ಒಪ್ಪಿಕೊಂಡಂತಾಯಿತು. ಮೂತ್ರ ಕಟ್ಟಿಕೊಳ್ಳುವಂಥ, ಜೀವಕ್ಕೆ ಅಪಾಯವಿರುವ ಸ್ಥಿತಿಗಳಿವೆ, ಅಲ್ಲಿ ತಕ್ಷಣದ ಚಿಕಿತ್ಸೆ ಬೇಕೇ ಬೇಕು. ನನ್ನ ತಕರಾರು ನೋಟಕ್ಕಾಗಿ ಮಾಡುವ ಶಸ್ತ್ರಕ್ರಿಯೆಯ ಬಗ್ಗೆ. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟು ಅಂತರಲಿಂಗಿ ಶಿಶುಗಳ ಮೇಲೆ ಇಂಥದ್ದು ನಡೆಯದಂತೆ ನೋಡಿಕೊಳ್ಳಲು ಹೇಳಿತು, ತಮಿಳುನಾಡು ಸರ್ಕಾರ ಅದೇ ವರ್ಷ ಆದೇಶವನ್ನೂ ಹೊರಡಿಸಿತು. ಆ ರಾಜ್ಯದ ಗಡಿ ಕೆಜಿಎಫ್‌ನಿಂದ ಕೂಗಳತೆ ದೂರ. ಮಗುವಿನ ಮಾತಿಗೆ ಕಾಯಬೇಕೆಂಬುದನ್ನು ನಮ್ಮ ಪ್ರಸಂಗಪೀಠಕ್ಕಿಂತ ಮೊದಲು ಕೋರ್ಟು ಹೇಳಿತು ಎನ್ನುವುದು ನನಗೆ ಕಸಿವಿಸಿ.

ಅದೇ ವ್ಯಾಟಿಕನ್ 2023ರ ಅಕ್ಟೋಬರ್ ಕೊನೆಯಲ್ಲಿ ಬೇರೆಯೇ ದನಿಯಲ್ಲಿ ಮಾತನಾಡಿತ್ತು. ಟ್ರಾನ್ಸ್‌ಜೆಂಡರ್ ವ್ಯಕ್ತಿ ಜ್ಞಾನಸ್ನಾನ (ದೀಕ್ಷಾಸ್ನಾನಕ್ಕೆ ಕ್ಯಾಥೊಲಿಕರ ಹೆಸರು) ಪಡೆಯಬಹುದು, ಹಾರ್ಮೋನ್ ಚಿಕಿತ್ಸೆ, ಶಸ್ತ್ರಕ್ರಿಯೆ ಆಗಿದ್ದರೂ ಸರಿ, ಬೇರೆ ವಿಶ್ವಾಸಿಗಳಿಗಿರುವ ಷರತ್ತುಗಳೇ ಇವರಿಗೂ. ಸಭೆಯಲ್ಲಿ ಗೊಂದಲ ಏಳುವ ಸಂದರ್ಭವಿರಬಾರದು ಅಷ್ಟೆ. ಆ “ಗೊಂದಲ” ಎಂಬ ಪದವನ್ನು ಅಳೆಯುವ ಸೇರು ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ. ಇಂಗ್ಲೆಂಡಿನ ಆಂಗ್ಲಿಕನ್ ಬಿಷಪ್ಪರು 2018ರಲ್ಲಿ ಇನ್ನೊಂದು ದಾರಿ ಹಿಡಿದರು. ದೀಕ್ಷಾಸ್ನಾನ ಒಂದೇ ಸಲ, ಅದನ್ನು ಮತ್ತೆ ಕೊಡುವಂತಿಲ್ಲ. ಆದರೆ ಆಗ ಮಾಡಿದ ಪ್ರತಿಜ್ಞೆಯನ್ನು ಮತ್ತೆ ದೃಢಪಡಿಸುವ ಹಳೆಯ ವಿಧಿ ಇದೆಯಲ್ಲ, ಅದರಲ್ಲಿ ವ್ಯಕ್ತಿಯನ್ನು ಹೊಸ ಹೆಸರಿನಿಂದ ಕರೆದರಾಯಿತು ಎಂದರು. ಅಬ್ರಾಮ ಅಬ್ರಹಾಮನಾದ, ಸೀಮೋನ ಪೇತ್ರನಾದ. ಹೆಸರು ಬದಲಾಗುವುದು ನಮ್ಮ ಗ್ರಂಥಕ್ಕೆ ಹೊಸದಲ್ಲ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆಲ್ಲ ಒಂದೇ ಉತ್ತರ ಸಿಗದಿರುವುದಕ್ಕೆ ಕಾರಣ ಸರಳ. ಕ್ಯಾಥೊಲಿಕರಿಗೆ ರೋಮ್‌ನ ಮಾತು ಬೆಂಗಳೂರಿನ ಮಹಾಧರ್ಮಕ್ಷೇತ್ರದ ಮೂಲಕ ಬರುತ್ತದೆ. 1947ರಲ್ಲಿ ಹುಟ್ಟಿದ ಸಿಎಸ್‌ಐಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಸಿನೋಡ್ ಎಂಬ ಆಡಳಿತ ಮಹಾಸಭೆ ಇದೆ. ಮೆಥಡಿಸ್ಟ್ ಸಭೆ 1981ರಿಂದ ಭಾರತದಲ್ಲಿ ಸ್ವತಂತ್ರ, ಅಮೆರಿಕದ ಮೆಥಡಿಸ್ಟರ ನಿರ್ಣಯ ಇಲ್ಲಿಗೆ ತಾನಾಗಿ ಬರುವುದಿಲ್ಲ. ಶೀಟು ಹೊದಿಸಿದ ಮಂದಿರದ ಸ್ವತಂತ್ರ ಸಭೆಗೆ ಅಲ್ಲಿಯ ಪಾಸ್ಟರೇ ಸಿನೋಡು, ಅವರೇ ಬಿಷಪ್ಪು. ತಮಾಷೆಯೆಂದರೆ ಮೊದಲು ಬಾಗಿಲು ತೆರೆಯುವುದೂ, ದೆವ್ವ ಬಿಡಿಸುತ್ತೇನೆಂದು ಕೂದಲು ಹಿಡಿದು ಕೂರುವುದೂ ಬಹುಮಟ್ಟಿಗೆ ಈ ಸಣ್ಣ ಸಭೆಗಳೇ. ಅಕ್ಕ ಎರಡನ್ನೂ ಕಂಡವರು. ದೆವ್ವ ಬಿಡಿಸಿದ ಮೇಲೆ ಮೂರು ದಿನ ಕತ್ತು ತಿರುಗಿಸಲು ಆಗಲಿಲ್ಲ ಎಂದು ನಗುತ್ತ ಹೇಳಿದರು. ನಾನು ನಗಲಿಲ್ಲ.

ದೇಶದ ಕಾನೂನು ಹೆಸರಿನ ಪ್ರಶ್ನೆಗೆ ಒಂದು ಮಟ್ಟದ ಉತ್ತರ ಕೊಟ್ಟಿತ್ತು. ಸುಪ್ರೀಂ ಕೋರ್ಟಿನ 2014ರ ತೀರ್ಪು, ಆಮೇಲೆ 2019ರ ಕಾಯ್ದೆಯಡಿ ಜಿಲ್ಲಾಧಿಕಾರಿಯಿಂದ ಪ್ರಮಾಣಪತ್ರ. ಅಕ್ಕನ ಬಳಿ ಆ ಕಾಗದವಿದೆ, ಪ್ಲಾಸ್ಟಿಕ್ ಹೊದಿಕೆಯೊಳಗೆ, ಸತ್ಯವೇದದ ನಡುವೆ. ಸಭೆಯ ದೀಕ್ಷಾಸ್ನಾನದ ರಿಜಿಸ್ಟರಿಗೆ ಆ ಕಾಗದದ ಪರಿಚಯವಿಲ್ಲ.

ಮುಂದಿನ ಭಾನುವಾರ ನಾವಿಬ್ಬರೂ ಕೂತು ಅಪೊಸ್ತಲರ ಕೃತ್ಯಗಳು 8 ಓದಿದೆವು. ಐಥಿಯೋಪ್ಯದ ರಾಣಿಯ ಖಜಾನೆ ನೋಡಿಕೊಳ್ಳುವ ಅಧಿಕಾರಿ ಯೆರೂಸಲೇಮಿಗೆ ಆರಾಧನೆಗೆಂದು ಹೋಗಿ ಗಾಜದ ದಾರಿಯಲ್ಲಿ ಹಿಂತಿರುಗುತ್ತಿದ್ದಾನೆ. ರಥದಲ್ಲಿ ಕೂತು ಯೆಶಾಯ 53ನ್ನು ಓದುತ್ತಿದ್ದಾನೆ. ಇನ್ನು ಮೂರು ಅಧ್ಯಾಯ ಸುರುಳಿ ಬಿಚ್ಚಿದರೆ ತನ್ನದೇ ವಚನ ಸಿಗಬೇಕು. ಈ ಪುಸ್ತಕ ಬರೆದ ಲೂಕನು ಅವನ ದೇಶ, ಹುದ್ದೆ ಎಲ್ಲ ಒಮ್ಮೆ ಹೇಳಿ ಮುಗಿಸಿ ಮತ್ತೆ ಮತ್ತೆ ಕಂಚುಕಿ ಎಂದೇ ಕರೆಯುತ್ತಾನೆ, ಒಟ್ಟು ಐದು ಸಲ. “ಹೆಸರು?” ಎಂದರು ಅಕ್ಕ. ಬರೆದಿಲ್ಲ ಎಂದೆ.

ನೀರು ಕಂಡಾಗ ಅವನು ಕೇಳುತ್ತಾನೆ: ನನಗೆ ದೀಕ್ಷಾಸ್ನಾನವಾಗುವುದಕ್ಕೆ ಅಡ್ಡಿ ಏನು? ಅಡ್ಡಿ ಇತ್ತು, ಧರ್ಮೋಪದೇಶಕಾಂಡದಲ್ಲಿ ಬರೆದೇ ಇತ್ತು, ಕೇಳಿದವನಿಗೂ ಗೊತ್ತಿತ್ತು. ಇದು 36ನೇ ವಚನ. ಪೂರ್ಣಮನಸ್ಸಿನಿಂದ ನಂಬಿದರೆ ಆಗಬಹುದು ಎಂದು, ರಥದಲ್ಲಿ ಅವನ ಪಕ್ಕ ಕೂತು ಯೆಶಾಯನನ್ನು ವಿವರಿಸಿದ ಸುವಾರ್ತಿಕ ಫಿಲಿಪ್ಪ ಷರತ್ತು ಹೇಳುವ 37ನೇ ವಚನ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ. ಬಳಿಕ ಯಾರೋ, ಪ್ರಶ್ನೆಯನ್ನು ಉತ್ತರವಿಲ್ಲದೆ ಬಿಡಲಾರದೆ, ಸೇರಿಸಿದ್ದು ಎಂಬುದು ವಿದ್ವಾಂಸರ ಮತ. ಹಳೆಯ ಪ್ರತಿಗಳಲ್ಲಿ ಫಿಲಿಪ್ಪ ಏನೂ ಹೇಳುವುದಿಲ್ಲ. ರಥ ನಿಲ್ಲಿಸು ಎಂದು ಕಂಚುಕಿಯೇ ಅಪ್ಪಣೆ ಕೊಡುತ್ತಾನೆ, ಇಬ್ಬರೂ ನೀರಿಗೆ ಇಳಿಯುತ್ತಾರೆ.

ಅಕ್ಕ 36ರ ಮೇಲೆ ಒಂದು ಬೆರಳು, 38ರ ಮೇಲೆ ಒಂದು ಬೆರಳು ಇಟ್ಟು ನಡುವಿನ ಸಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪ್ಲಾಸ್ಟಿಕ್ ಕುರ್ಚಿಯನ್ನು ಡೋಲಕ್ ಪಕ್ಕಕ್ಕೆ ಎತ್ತಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಪಾಸ್ಟರ್ ಇನ್ನೂ ಒಳಗೆ ಇದ್ದಾರಾ ಎಂದು ಕೇಳಿದರು. ಇದ್ದಾರೆ ಎಂದೆ. ಚಪ್ಪಲಿ ಮತ್ತೆ ಬಿಟ್ಟು, ಜಮಖಾನದ ಮೇಲೆ ನಡೆದು ಒಳಗೆ ಹೋದರು.